ಸೈನ್ಯದ ಮೋಟಾರು ಮಿಸ್ತ್ರಿಗಳ ಶಿಕ್ಷಣ

ಪ್ರತಿ ವರ್ಷವೂ ಜನವರಿ ೨೬ನೆಯ ತಾರೀಖಿನಂದು ದಿಲ್ಲಿಯಲ್ಲಿ ಜರುಗುವ ಸೈನ್ಯದ ಮೆರವಣಿಗೆಯಲ್ಲಿ ಟ್ಯಾಂಕುಗಳೂ, ಕ್ಷಿಪಣಿಗಳನ್ನು ಹೊತ್ತ ಭಾರೀ ಲಾರಿಗಳೂ ಸಾಲುಗಟ್ಟಿ ಸಾಗುವುದನ್ನು ಕಂಡು ನಮ್ಮ ಜನರು ಹಿಗ್ಗುವುದು ಸಹಜವೇ ಆಗಿದೆ. ಆದರೆ ಆ ವಾಹನಗಳಲ್ಲಿ ಒಂದಾದರೂ ರಾಷ್ಟ್ರಪತಿಗಳ ಎದುರಿಗೆ ಕೆಟ್ಟು ನಿಲ್ಲದಂತೆ ಹಿಂದಿನ ರಾತ್ರಿಗಳಲ್ಲಿ ಎಣ್ಣೆಮಸಿಯಲ್ಲಿ ಕೈಯಾಡಿಸಿ ದುಡಿದವರು ಯಾರೆಂದು ವಿಚಾರಿಸುವವರು ತೀರ ವಿರಳರು. ಸೇನಾಪತಿಗಳ ಹೆಸರುಗಳನ್ನು ಬಲ್ಲೆವು. ತೋಪುಗಳ ಹೆಸರುಗಳನ್ನು ಬಲ್ಲೆವು. ಪರದೇಶದಿಂದ ತರಿಸಿದ ವಿಮಾನದ ಬೆಲೆಯನ್ನು ಸಹ ಬಲ್ಲೆವು. ಸೈನ್ಯದ ಮೋಟಾರು ಮಿಸ್ತ್ರಿಯು ಎಲ್ಲಿ ಕಲಿಯುತ್ತಾನೆ, ಎಷ್ಟು ಕಾಲ ಕಲಿಯುತ್ತಾನೆ, ಕಲಿತ ವಿದ್ಯೆಯು ಅವನ ಕೈಗೆ ಎಷ್ಟರಮಟ್ಟಿಗೆ ಹತ್ತಿರುತ್ತದೆ ಎಂಬುದನ್ನು ಮಾತ್ರ ಅರಿಯೆವು. ಅರಿಯಬೇಕೆಂಬ ಕುತೂಹಲವೂ ನಮಗಿಲ್ಲ. ಈ ಉದಾಸೀನವು ದೇಶಕ್ಕೆ ಒಳ್ಳೆಯದಲ್ಲವೆಂದು ನಮಗೆ ತೋರುವುದರಿಂದ ಈ ವಿಷಯವನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

೧೯೪೮ನೆಯ ಇಸವಿಯ ಒಂದು ಪ್ರಸಂಗವನ್ನು ಮೊದಲು ಸ್ಮರಿಸಿಕೊಳ್ಳೋಣ. ಆ ವರ್ಷದ ಶರತ್ಕಾಲದಲ್ಲಿ ಲೇಹ ಪಟ್ಟಣಕ್ಕೆ ಹೋಗುವ ಮಾರ್ಗವು ಜೋಜಿಲಾ ಎಂಬ ಘಟ್ಟದ ಬಳಿಯಲ್ಲಿ ವೈರಿಗಳ ವಶದಲ್ಲಿತ್ತು. ಸಪ್ಟಂಬರದಲ್ಲಿ ಕಾಲಾಳುಗಳು ಮಾಡಿದ ಪ್ರಯತ್ನಗಳು ಫಲಿಸಲಿಲ್ಲ. ಹಿಮವು ಬಿದ್ದು ದಾರಿ ಮುಚ್ಚುವ ಕಾಲ ಹತ್ತಿರವಾಗುತ್ತಿತ್ತು. ಆಗ ಅಲ್ಲಿಯ ಸೇನಾವಿಭಾಗದ ಅಧಿಪತಿಗಳಾಗಿದ್ದ, ನಮ್ಮ ಕೊಡಗಿನವರೇ ಆದ ಮೇಜರ್ ಜನರಲ್ ತಿಮ್ಮಯ್ಯನವರು, ೧೧,೫೦೦ ಅಡಿಗೂ ಮಿಕ್ಕಿ ಎತ್ತರವಾದ ಆ ಘಟ್ಟಕ್ಕೆ ಟ್ಯಾಂಕುಗಳನ್ನೇ ಏರಿಸಲು ನಿಶ್ಚಯಿಸಿದರು. ಏಳನೆಯ ಕ್ಯಾವಲ್ರಿ ದಳದ ಸ್ಟುಅರ್ಟ್ ಟ್ಯಾಂಕುಗಳನ್ನು, ಮೇಲಿನ ಗೋಪುರಗಳನ್ನು ಕಳಚಿ ಮರೆಮಾಡಿ, ಜಮ್ಮುವಿನ ಕಡೆಯಿಂದ ಬನಿಹಾಲವನ್ನು ದಾಟಿಸಿ ಬಾಲ್ತಾಲದವರೆಗೆ ಗುಟ್ಟಾಗಿ ಸಾಗಿಸಿದರು. ಹೇಸರಗತ್ತೆಗಳು ನಡೆಯುವ ಕಿರುದಾರಿಯನ್ನು ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಸ್ಯಾಪರ್ಸ್ ದಳದವರು ಅಗಲಪಡಿಸಿದರು. ನವಂಬರ ೧ನೆಯ ತಾರೀಖಿನಂದು ಆ ಟ್ಯಾಂಕುಗಳು ಘಟ್ಟವನ್ನು ಏರಿ ಬಂದುದನ್ನು ಕಂಡು ವೈರಿಗಳು ದಿಕ್ಕುಗೆಟ್ಟರು. ಅದೇ ತಿಂಗಳಿನಲ್ಲಿ ದ್ರಾಸ್ ಮತ್ತು ಕಾರ್ಗಿಲ್‌ಗಳು ನಮ್ಮ ಸೈನ್ಯದ ಕೈಸೇರಿದವು.

ಈ ವಿಜಯವನ್ನು ಕುರಿತು ಬರೆಯುವವರು ಸೇನಾಪತಿಗಳ ಧೈರ್ಯವನ್ನು ಕೊಂಡಾಡುತ್ತಾರೆ, ಅದು ನ್ಯಾಯವೇ. ಆದರೆ ಟ್ಯಾಂಕಿನ ಗೋಪುರವೆಂದರೆ ಗಡಿಗೆಯ ಮುಚ್ಚಳವಲ್ಲ. ಅದನ್ನು ಎತ್ತಿ ಇಳಿಸಿ, ಕೊರೆಯುವ ಚಳಿಯಲ್ಲಿ ಮತ್ತೆ ಅದರ ಬಳೆಯ ಮೇಲೆ ಕೂಡಿಸಿ, ತೋಪು ಎಡಬಲಕ್ಕೆ ತಡೆಯಿಲ್ಲದೆ ತಿರುಗುವಂತೆ ಮಾಡುವುದು ಬಲ್ಲವರ ಕೆಲಸ. ಒಂದು ಹಲ್ಲು ತಪ್ಪಿ ಕೂತಿದ್ದರೆ ಘಟ್ಟವನ್ನು ಏರಿದ ಟ್ಯಾಂಕು ಬರಿಯ ಕಬ್ಬಿಣದ ಪೆಟ್ಟಿಗೆಯಾಗುತ್ತಿತ್ತು. ಅದೂ ಹೊಸ ಯಂತ್ರಗಳಲ್ಲ. ಎರಡನೆಯ ಮಹಾಯುದ್ಧಕ್ಕಾಗಿ ಅಮೇರಿಕದಲ್ಲಿ ಕಟ್ಟಿದವು. ಅವುಗಳನ್ನು ಆ ಎತ್ತರದಲ್ಲಿ ನಡೆಯಿಸಿದ ಕೀರ್ತಿಯಲ್ಲಿ ಮಿಸ್ತ್ರಿಗಳ ಪಾಲು ಅಲ್ಪವಾದುದಲ್ಲ.

ನಮ್ಮ ಸೈನ್ಯದಲ್ಲಿ ಮಿಸ್ತ್ರಿಗಳ ದಳವೊಂದು ಪ್ರತ್ಯೇಕವಾಗಿ ಹುಟ್ಟಿದ್ದು ಈ ಪ್ರಸಂಗಕ್ಕೆ ಐದು ವರ್ಷ ಮೊದಲು. ೧೯೩೯ರಲ್ಲಿ ಸುಮಾರು ಎರಡು ಲಕ್ಷದಷ್ಟಿದ್ದ ಹಿಂದುಸ್ಥಾನದ ಸೈನ್ಯವು ಯುದ್ಧವು ಮುಗಿಯುವ ವೇಳೆಗೆ ಇಪ್ಪತ್ತು ಲಕ್ಷವನ್ನು ಮೀರಿತು. ಕುದುರೆಯ ಲಾಯಗಳಿದ್ದಲ್ಲಿ ಲಾರಿಗಳ ಸಾಲು ನಿಂತಿತು. ಲಾರಿಗಳು ಹಡಗಿನಲ್ಲಿ ಬಂದವು. ಅವುಗಳನ್ನು ಬಲ್ಲ ಜನರು ಹಡಗಿನಲ್ಲಿ ಬರುವಂತಿರಲಿಲ್ಲ. ಊರೂರುಗಳಲ್ಲಿ ಹುಡುಗರನ್ನು ಕೂಡಿಸಿ ಕಸುಬು ಕಲಿಸುವ ಯೋಜನೆಯನ್ನು ಸರಕಾರವು ೧೯೪೦ರಲ್ಲಿ ಆತುರಾತುರವಾಗಿ ಆರಂಭಿಸಬೇಕಾಯಿತು. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂಬ ಮಾತು ಅಕ್ಷರಶಃ ನಿಜವಾಯಿತು. ಇಂಗ್ಲಂಡದಲ್ಲಿಯೂ ಸ್ಥಿತಿಯು ಇದಕ್ಕಿಂತ ಬಹಳ ಮೇಲಾಗಿರಲಿಲ್ಲ. ಕಸುಬು ಬಲ್ಲವರನ್ನು ಸೈನ್ಯವು ಕಸುಬಿಗೆ ಹಚ್ಚದೆ ಪೋಲುಮಾಡುತ್ತಿದೆಯೇ ಎಂಬುದನ್ನು ವಿಚಾರಿಸಲು ಸರ್ ವಿಲಿಯಂ ಬೆವರಿಜ್ ಅವರ ಕಮಿಟಿಯನ್ನು ನೇಮಿಸಬೇಕಾಯಿತು. ಆ ವಿಚಾರಣೆಯ ಫಲವಾಗಿ ೧೯೪೨ರ ಅಕ್ಟೋಬರ ೧ರಂದು ಅಲ್ಲಿ ಯಂತ್ರಶಿಲ್ಪಿಗಳ ಬೇರೊಂದು ದಳವು ಸ್ಥಾಪಿತವಾಯಿತು. ಅದರ ಮಾದರಿಯ ಮೇಲೆ ಮರುವರ್ಷ, ಎಂದರೆ ೧೯೪೩ರಲ್ಲಿ, ಈಗ ನಾವು ಇ.ಎಂ.ಇ. ಎಂದು ಕರೆಯುವ ದಳವು ನಮ್ಮಲ್ಲಿ ಏರ್ಪಟ್ಟಿತು. ಅಕ್ಟೋಬರ ೧೫ನ್ನು ಆ ದಳದವರು ತಮ್ಮ ಹುಟ್ಟುಹಬ್ಬವಾಗಿ ಆಚರಿಸುತ್ತಾರೆ. ‘ಕರ್ಮವೇ ಧರ್ಮ’ವೆಂಬುದು ಅವರ ಧ್ಯೇಯವಾಕ್ಯ. (ಅತ್ತ ಇಂಗ್ಲಂಡದಲ್ಲಿ ೧೯೪೫ರಲ್ಲಿ ರಾಜಕುಮಾರಿ ಎಲಿಜಬೆತ್ ಸಹ ಲಾರಿ ನಡೆಸುವುದನ್ನೂ ಎಂಜಿನು ಬಿಚ್ಚುವುದನ್ನೂ ಕಲಿತಳು. ಆ ಚಿತ್ರಗಳನ್ನು ನೋಡಿ ಮೆಚ್ಚಿದ ನಮ್ಮ ಸುಶಿಕ್ಷಿತರಲ್ಲಿ ತಮ್ಮ ಮಗನನ್ನು ಫಿಟ್ಟರನ ಕೆಲಸಕ್ಕೆ ಕಳುಹಿಸಿದವರು ಎಷ್ಟು ಮಂದಿ ಇದ್ದರೋ!)

ಅದೇ ೧೯೪೩ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟು ಸ್ಥಾಪನೆಯಾಯಿತು. ಕೈಕಸುಬನ್ನು ಶಾಸ್ತ್ರದೊಡನೆ ಬೆಸೆದು ಕಲಿಸಿದ ಹೊರತು ದೇಶದ ಉದ್ಯಮವು ಮೇಲೇಳದೆಂಬುದು ಆ ವೃದ್ಧ ಮುತ್ಸದ್ದಿಗಳ ದೃಢವಾದ ಅಭಿಪ್ರಾಯವಾಗಿತ್ತು. ಸೈನ್ಯದ ಮಿಸ್ತ್ರಿಗಳ ವಿಷಯದಲ್ಲಿ ಇಂದು ಹೇಳಬೇಕಾದುದರ ಬಹುಭಾಗವು ಈ ಒಂದು ಅಭಿಪ್ರಾಯದಲ್ಲಿಯೇ ಅಡಕವಾಗಿದೆ.

ಏಕೆಂದರೆ ನಮ್ಮ ಊರುಗಳಲ್ಲಿ ಮಿಸ್ತ್ರಿಗಳು ತಯಾರಾಗುವ ದಾರಿಗಳು ಎರಡು, ಅವು ಒಂದನ್ನೊಂದು ಕೂಡುವುದೇ ಇಲ್ಲ. ಹುಬ್ಬಳ್ಳಿಯ ಯಾವುದಾದರೊಂದು ಗ್ಯಾರೇಜಿನ ಮುಂದೆ ಹತ್ತು ನಿಮಿಷ ನಿಂತು ನೋಡಿರಿ. ಹನ್ನೆರಡು ವರ್ಷದಿಂದ ಪಾನಾ ಹಿಡಿದು ಬೆಳೆದವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನಿಗೆ ಊರಿ, ಹಿಡಿಯನ್ನು ಕಿವಿಗೆ ಹಚ್ಚಿ, ಬೇರಿಂಗು ಸವೆದಿದೆಯೆಂದು ಹೇಳುತ್ತಾನೆ. ಬಿಚ್ಚಿದಾಗ ಅದು ಸವೆದೇ ಇರುತ್ತದೆ. ಆದರೆ ಅವನ ಮುಂದೆ ತಂತಿಗಳ ನಕ್ಷೆಯನ್ನು ಹರಡಿದರೆ ಕೈಚೆಲ್ಲುತ್ತಾನೆ. ಇನ್ನೊಬ್ಬನು ಐ.ಟಿ.ಐ.ಯಲ್ಲಿ ಎರಡು ವರ್ಷ ಮೋಟಾರು ಮೆಕ್ಯಾನಿಕ್ ವರ್ಗವನ್ನು ಮುಗಿಸಿ ಪ್ರಮಾಣಪತ್ರ ಪಡೆದವನು. ನಕ್ಷೆಯನ್ನು ಓದಬಲ್ಲನು, ನಾಲ್ಕು ಹೊಡೆತಗಳ ಎಂಜಿನಿನ ಚಕ್ರವನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲನು. ತುಕ್ಕು ಹಿಡಿದ ಬೋಲ್ಟನ್ನು ಮುರಿಯದೆ ತೆಗೆಯುವುದು ಹೇಗೆಂಬುದು ಅವನಿಗೆ ತಿಳಿಯದು. ಸೈನ್ಯಕ್ಕೆ ಬೇಕಾದವನು ಇವರಿಬ್ಬರೂ ಒಂದೇ ದೇಹದಲ್ಲಿ ಕೂಡಿದವನು. ಅವನನ್ನು ಹೊರಗಿನಿಂದ ಸಿದ್ಧವಾಗಿ ಪಡೆಯುವಂತಿಲ್ಲ, ಸೈನ್ಯವೇ ತಯಾರಿಸಿಕೊಳ್ಳಬೇಕು.

ಹಿಂದಿನ ಕಾಲದಲ್ಲಿ ಈ ಕೆಲಸವು ಇಷ್ಟು ಕಠಿಣವಾಗಿರಲಿಲ್ಲ. ಜರ್ಮನಿಯ ಮ್ಯಾನ್ ಕಂಪನಿಯ ಮಾದರಿಯ ಮೇಲೆ ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಶಕ್ತಿಮಾನ್ ಲಾರಿಯು ದಶಕಗಳ ಕಾಲ ಸೈನ್ಯದ ಬೆನ್ನೆಲುಬಾಗಿತ್ತು. ಅದರ ದೋಷಗಳು ಕಣ್ಣಿಗೆ ಕಾಣುವಂತಹವು, ಕಿವಿಗೆ ಕೇಳುವಂತಹವು, ಮೂಗಿಗೆ ವಾಸನೆ ಹೊಡೆಯುವಂತಹವು. ಹಳೆಯ ಜಿಪ್ಸಿಯ ಕಾರ್ಬ್ಯುರೇಟರನ್ನು ರಸ್ತೆಯ ಬದಿಯಲ್ಲಿ ಬಿಚ್ಚಿ, ಊದಿ, ಜೋಡಿಸಿ ಮುಂದಕ್ಕೆ ಹೋಗಬಹುದಾಗಿತ್ತು. ೨೦೧೭ರಲ್ಲಿ ಸೈನ್ಯವು ೩,೧೯೨ ಟಾಟಾ ಸಫಾರಿ ಸ್ಟಾರ್ಮ್ ವಾಹನಗಳಿಗೆ ಒಪ್ಪಂದ ಮಾಡಿಕೊಂಡಿತು. ಈ ಬಗೆಯ ಹೊಸ ಡೀಸೆಲ್ ಎಂಜಿನುಗಳಲ್ಲಿ ಎಣ್ಣೆಯನ್ನು ಸಾವಿರಕ್ಕೂ ಮೀರಿದ ವಾಯುಭಾರಗಳಷ್ಟು ಒತ್ತಡದಲ್ಲಿ ಒಂದು ಕೊಳವೆಯಲ್ಲಿ ಶೇಖರಿಸಿ, ಯಾವ ಕ್ಷಣದಲ್ಲಿ ಎಷ್ಟು ಚಿಮ್ಮಬೇಕೆಂಬುದನ್ನು ಕಂಪ್ಯೂಟರೊಂದು ನಿರ್ಣಯಿಸುತ್ತದೆ. ಒತ್ತಡವನ್ನೂ ಉಷ್ಣವನ್ನೂ ವೇಗವನ್ನೂ ಅಳೆದು ಆ ಕಂಪ್ಯೂಟರಿಗೆ ತಿಳಿಸುವ ಸಣ್ಣ ಸೆನ್ಸರುಗಳು ಎಂಜಿನಿನ ತುಂಬ ಹರಡಿಕೊಂಡಿರುತ್ತವೆ. ಅವುಗಳಲ್ಲಿ ಒಂದರ ತಂತಿಯ ತುದಿಗೆ ನೀರು ಸೇರಿ ಹಸಿರುಗಟ್ಟಿದರೂ ಸಾಕು, ಗಾಡಿಯು ಮುಗ್ಗರಿಸತೊಡಗುತ್ತದೆ.

ಇಂತಹ ಸಂದರ್ಭದಲ್ಲಿ ಅರೆಕಲಿತವನು ಏನು ಮಾಡುತ್ತಾನೆ? ಅನುಮಾನ ಬಂದ ಭಾಗವನ್ನು ಕಿತ್ತು ಹೊಸದನ್ನು ಹಾಕುತ್ತಾನೆ. ಗುಣವಾಗದಿದ್ದರೆ ಅದರ ಪಕ್ಕದ್ದನ್ನು ಬದಲಿಸುತ್ತಾನೆ. ಪಟ್ಟಣದ ಗ್ಯಾರೇಜಿನಲ್ಲಿ ಇದರ ದಂಡವನ್ನು ಗಾಡಿಯ ಯಜಮಾನನು ತೆರುತ್ತಾನೆ. ಗಡಿಯಲ್ಲಿ ಹೊಸ ಭಾಗವೇ ಇರುವುದಿಲ್ಲ. ಅದು ಬರಬೇಕಾದರೆ ಮುನ್ನೂರು ಮೈಲಿ ಹಿಂದಿನ ಉಗ್ರಾಣದಿಂದ ಬರಬೇಕು. ಆದಕಾರಣ ಸೈನ್ಯದ ಮಿಸ್ತ್ರಿಗೆ ಭಾಗ ಬದಲಿಸುವ ವಿದ್ಯೆಗಿಂತಲೂ ಮೊದಲು ದೋಷವನ್ನು ಹುಡುಕುವ ವಿದ್ಯೆಯನ್ನು ಕಲಿಸಬೇಕು. ಒಂದು ಸಣ್ಣ ಉದಾಹರಣೆಯನ್ನು ಕೊಡುವೆವು. ಸೈನ್ಯದ ಲಾರಿಗಳಲ್ಲಿ ಸಾಮಾನ್ಯವಾಗಿ ೨೪ ವೋಲ್ಟಿನ ವಿದ್ಯುತ್ತಿರುತ್ತದೆ. ಬ್ಯಾಟರಿಯ ಮೇಲೆ ಮೀಟರಿಟ್ಟರೆ ೨೪ ತೋರಿಸುತ್ತದೆ. ಆದರೂ ಸ್ಟಾರ್ಟರು ತಿರುಗದು. ಬ್ಯಾಟರಿ ಸರಿಯಾಗಿರುವುದರಿಂದ ಸ್ಟಾರ್ಟರೇ ಕೆಟ್ಟಿರಬೇಕೆಂದು ಅವಸರಿಗನು ಅದನ್ನು ಬಿಚ್ಚಲು ಕುಳಿತುಕೊಳ್ಳುತ್ತಾನೆ. ವಿವೇಕಿಯಾದವನು ಕೀಲಿಯನ್ನು ತಿರುಗಿಸಿ ಹಿಡಿದಿರುವಾಗಲೇ ಬ್ಯಾಟರಿಯ ಹತ್ತಿರ ಒಮ್ಮೆ, ಸ್ಟಾರ್ಟರಿನ ಹತ್ತಿರ ಒಮ್ಮೆ ಅಳೆಯುತ್ತಾನೆ. ಎರಡು ಅಂಕೆಗಳ ನಡುವೆ ಬಹಳ ಅಂತರ ಕಂಡರೆ ದೋಷವು ನಡುವಿನ ತಂತಿಯಲ್ಲಿದೆ, ಇಲ್ಲವೆ ಚಾಸಿಗೆ ಕಟ್ಟಿದ ಅರ್ಥಿಂಗಿನಲ್ಲಿದೆ. ಒಂದು ನಟ್ಟನ್ನು ಉಜ್ಜಿ ಬಿಗಿದರೆ ಕೆಲಸವಾಯಿತು. ಈ ವಿವೇಕವು ಉಪನ್ಯಾಸವನ್ನು ಕೇಳಿ ಬರುವುದಲ್ಲ. ಶಿಕ್ಷಕನು ಲಾರಿಯಲ್ಲಿ ಗುಟ್ಟಾಗಿ ಒಂದು ದೋಷವನ್ನು ಹುದುಗಿಸಿಟ್ಟು, ವಿದ್ಯಾರ್ಥಿಯು ಅದನ್ನು ಹುಡುಕುವವರೆಗೆ ಮಾತನಾಡದೆ ನಿಂತಿರಬೇಕು. ಮರುದಿನ ಬೇರೊಂದು ದೋಷ, ಅದರ ಮರುದಿನ ಎರಡು. ಪರೀಕ್ಷೆಯೂ ಹೀಗೆಯೇ ಆಗಬೇಕಲ್ಲದೆ ಪ್ರಶ್ನೆಗೆ ನಾಲ್ಕು ಉತ್ತರಗಳನ್ನು ಕೊಟ್ಟು ಒಂದಕ್ಕೆ ಗುರುತು ಹಾಕಿಸುವುದರಿಂದ ಮಿಸ್ತ್ರಿಯ ಯೋಗ್ಯತೆಯು ಗೊತ್ತಾಗಲಾರದು.

ಇನ್ನು ದೇಶದ ಭೂಗೋಲವನ್ನು ಗಮನಿಸಬೇಕು. ಈ ದಳದ ದೊಡ್ಡ ವಿದ್ಯಾಸಂಸ್ಥೆಗಳು ಸಿಕಂದರಾಬಾದು ಮತ್ತು ಬಡೋದೆಗಳಲ್ಲಿವೆ. ಹೊಸದಾಗಿ ಸೇರಿದವರ ಕೇಂದ್ರಗಳು ಸಿಕಂದರಾಬಾದು ಮತ್ತು ಭೋಪಾಳಗಳಲ್ಲಿವೆ. ಎಲ್ಲವೂ ಬಿಸಿಲಿನ ಸೀಮೆಗಳೇ. ಅಲ್ಲಿ ಕಲಿತ ಹುಡುಗನನ್ನು ಲಡಾಖಿಗೆ ಕಳುಹಿಸಿದಾಗ ಅವನು ಕಲಿತ ನಿಯಮಗಳಲ್ಲಿ ಅರ್ಧಭಾಗವು ತಿರುವುಮುರುವಾಗುತ್ತದೆ. ಲೇಹದ ಎತ್ತರವು ಸುಮಾರು ೩,೫೦೦ ಮೀಟರು. ಅಲ್ಲಿ ಗಾಳಿಯ ಒತ್ತಡವು ಸಮುದ್ರತೀರದಲ್ಲಿರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಟರ್ಬೊ ಇಲ್ಲದ ಎಂಜಿನು ತನ್ನ ಬಲದ ಮೂರನೆಯ ಒಂದು ಪಾಲನ್ನು ಘಟ್ಟದ ಕೆಳಗೇ ಬಿಟ್ಟು ಬಂದಂತಾಗುತ್ತದೆ. ಉರಿಯಲು ಸಾಕಾದಷ್ಟು ಗಾಳಿ ದೊರೆಯದೆ ಹೊಗೆ ಕಪ್ಪಾಗುತ್ತದೆ. ಹೊಗೆ ಕಪ್ಪಾಯಿತೆಂದು ನಾಜಲುಗಳನ್ನು ಬಿಚ್ಚುವವನು ವೃಥಾ ಶ್ರಮಪಡುತ್ತಾನೆ. ನೀರು ೮೮ ಡಿಗ್ರಿಗೇ ಕುದಿಯುವುದರಿಂದ ರೇಡಿಯೇಟರಿನ ಮುಚ್ಚಳದ ಸಣ್ಣ ರಬ್ಬರು ಬಳೆಯೊಂದು ಸಡಿಲವಾಗಿದ್ದರೂ ನೀರು ಉಕ್ಕಿ ಹೋಗುತ್ತದೆ. ಗಾಳಿಯ ಬ್ರೇಕಿನ ತೊಟ್ಟಿಯು ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ. ಇದನ್ನು ಅರಿಯದ ಚಾಲಕನು ಇಳಿಜಾರಿನಲ್ಲಿ ಪ್ರಾಣವನ್ನೇ ಕಳೆದುಕೊಳ್ಳಬಹುದು.

ಚಳಿಯ ಪ್ರತಾಪವು ಬೇರೆ. ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದಾಗ ಬ್ಯಾಟರಿಯ ಶಕ್ತಿಯು ಸುಮಾರು ಅರ್ಧಕ್ಕಿಳಿಯುತ್ತದೆ. ಎಂಜಿನಿನ ಎಣ್ಣೆಯು ಬೆಲ್ಲದ ಪಾಕದಂತೆ ಗಟ್ಟಿಯಾಗಿ ಸ್ಟಾರ್ಟರು ಎರಡರಷ್ಟು ಶ್ರಮಪಡಬೇಕಾಗುತ್ತದೆ. ಸಾಧಾರಣ ಡೀಸೆಲಿನಲ್ಲಿ ಮೇಣವು ಗಟ್ಟಿಕಟ್ಟಿ ಫಿಲ್ಟರು ಮುಚ್ಚಿಹೋಗುತ್ತದೆ. ಟಾಕಿಯ ಕೆಳಗೆ ಬೆಂಕಿ ಹಾಕಿ ಕಾಯಿಸುವ ಅಪಾಯಕರವಾದ ಉಪಾಯವನ್ನು ಅಲ್ಲಿಯ ಚಾಲಕರು ಬಹುಕಾಲ ಅನುಸರಿಸಿದರು. ಶೂನ್ಯಕ್ಕಿಂತ ೩೩ ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ ಸಂಸ್ಥೆಯು ಲಡಾಖಿಗೆ ಒದಗಿಸಿದ್ದು ೨೦೧೯ರ ನವಂಬರದಲ್ಲಿ. ಮರುವರ್ಷವೇ ಗಲ್ವಾನಿನ ಘಟನೆಯಾಯಿತು. ೨೦೨೦–೨೧ರ ಚಳಿಗಾಲದುದ್ದಕ್ಕೂ ಟಿ-೭೨, ಟಿ-೯೦ ಟ್ಯಾಂಕುಗಳು ಪೂರ್ವ ಲಡಾಖಿನಲ್ಲಿ ನಿಂತವು. ಎಂಜಿನುಗಳು ಹೆಪ್ಪುಗಟ್ಟದಂತೆ ರಾತ್ರಿಯಲ್ಲಿ ಆಗಾಗ ಎದ್ದು ಅವುಗಳನ್ನು ನಡೆಸಬೇಕಾಗುತ್ತಿತ್ತು. ಕೈಗವಸು ತೊಟ್ಟರೆ ಸಣ್ಣ ನಟ್ಟು ಹಿಡಿಗೆ ಸಿಕ್ಕದು. ಕಳಚಿದರೆ ಚರ್ಮವು ಕಬ್ಬಿಣಕ್ಕೆ ಅಂಟಿಕೊಳ್ಳುವುದು. ಇಂತಹ ಸ್ಥಳದಲ್ಲಿ ಮೊತ್ತಮೊದಲು ಹಿಮವನ್ನು ಕಾಣುವ ಮಿಸ್ತ್ರಿಯು ಎಷ್ಟು ಬುದ್ಧಿವಂತನಾದರೂ ಒಂದು ಚಳಿಗಾಲ ಕಳೆಯುವವರೆಗೆ ಹೊಸಬನೇ. ಪಾಠಕ್ರಮದ ಒಂದು ಭಾಗವನ್ನಾದರೂ, ಅದೂ ಚಳಿಗಾಲದಲ್ಲಿಯೇ, ಆ ಎತ್ತರದಲ್ಲಿ ನಡೆಯಿಸಬೇಕೆಂಬುದು ನಮ್ಮ ಸೂಚನೆ. ಖರ್ಚಾಗುವುದು ನಿಜ. ಘಟ್ಟದಲ್ಲಿ ಕೆಟ್ಟು ನಿಂತು ಹಿಂದಿನ ನಲವತ್ತು ಲಾರಿಗಳ ದಾರಿಯನ್ನು ಕಟ್ಟುವ ಒಂದು ಲಾರಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕಷ್ಟೆ.

ಯಂತ್ರಗಳ ವೈವಿಧ್ಯವೂ ನಮ್ಮ ಸೈನ್ಯದ ಒಂದು ಕಷ್ಟ. ಬೆಂಗಳೂರಿನ ಬಿ.ಇ.ಎಂ.ಎಲ್. ಸಂಸ್ಥೆಯ ಮೂಲಕ ಬಂದ ಟಾಟ್ರಾ ಲಾರಿಯನ್ನು ತೆಗೆದುಕೊಳ್ಳಿರಿ. ಮೂಲತಃ ಜೆಕ್ ದೇಶದ ಈ ಲಾರಿಗೆ ಉಳಿದ ಲಾರಿಗಳಂತೆ ಏಣಿಯಾಕಾರದ ಚಾಸಿಯಿಲ್ಲ; ನಡುವೆ ಒಂದು ದಪ್ಪ ಕೊಳವೆಯಿದ್ದು, ಚಕ್ರಗಳ ಅರೆ-ಆಕ್ಸಲುಗಳು ಅದರಿಂದ ರೆಕ್ಕೆಗಳಂತೆ ಮೇಲೆ ಕೆಳಗೆ ಆಡುತ್ತವೆ. ಎಂಜಿನನ್ನು ತಣಿಸುವುದು ನೀರಲ್ಲ, ಗಾಳಿ. ಚಳಿಯ ಸೀಮೆಗೆ ಇದು ವರವೇ ಸರಿ, ಹೆಪ್ಪುಗಟ್ಟಲು ನೀರೇ ಇಲ್ಲ. ಆದರೆ ಅಶೋಕ ಲೇಲ್ಯಾಂಡಿನ ಸ್ಟಾಲಿಯನ್ನಿನ ಮೇಲೆ ಪಳಗಿದವನಿಗೆ ಇದು ಬೇರೊಂದು ಶಾಸ್ತ್ರವೇ. ಒಬ್ಬನೇ ಎಲ್ಲವನ್ನೂ ಕಲಿಯಬೇಕೆಂದರೆ ಒಂದನ್ನೂ ಕಲಿಯಲಾರನು. ಒಂದನ್ನೇ ಕಲಿತರೆ ಅವನು ಇರುವಲ್ಲಿ ಆ ಲಾರಿಯು ಇರದು. ಎಂಜಿನು, ವಿದ್ಯುತ್ತು, ಬ್ರೇಕು ಇವುಗಳ ಮೂಲತತ್ತ್ವಗಳನ್ನು ಗಟ್ಟಿಯಾಗಿ ಕಲಿಸಿ, ವಾಹನ ವಾಹನಕ್ಕೂ ಇರುವ ಭೇದಗಳನ್ನು ಅವನು ಸೇರುವ ದಳದಲ್ಲಿಯೇ ಹಳೆಯ ಹವಾಲ್ದಾರನ ಕೈಕೆಳಗೆ ಕಲಿಸುವುದೇ ಯುಕ್ತವಾದ ಮಾರ್ಗವೆಂದು ತೋರುತ್ತದೆ.

ಹಳೆಯ ಹವಾಲ್ದಾರನೆಂದೆವು. ಎಲ್ಲ ಶಿಕ್ಷಣವೂ ಕೊನೆಗೆ ಅವನ ಮೇಲೆ ನಿಂತಿದೆ, ಮತ್ತು ಇಲ್ಲಿಯೇ ನಮಗೆ ಹೆಚ್ಚಿನ ಚಿಂತೆಯಿದೆ. ೨೦೨೨ರ ಜೂನಿನಲ್ಲಿ ಸರಕಾರವು ಜಾರಿಗೆ ತಂದ ಅಗ್ನಿಪಥ ಯೋಜನೆಯ ಪ್ರಕಾರ ಹೊಸಬರ ಸೇವೆಯು ತರಬೇತಿಯ ಕಾಲವೂ ಸೇರಿ ನಾಲ್ಕು ವರ್ಷ. ಅನಂತರ ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಮಾತ್ರ ಮುಂದುವರಿಯುವರು. ಯೋಜನೆಯ ಉಳಿದ ಗುಣದೋಷಗಳನ್ನು ಇಲ್ಲಿ ಚರ್ಚಿಸುವುದಿಲ್ಲ. ಮಿಸ್ತ್ರಿಯ ಲೆಕ್ಕವನ್ನಷ್ಟೆ ಹಾಕೋಣ. ಸೈನಿಕನಾಗುವ ತರಬೇತಿಗೆ ಕೆಲವು ತಿಂಗಳು, ಕಸುಬಿನ ತರಬೇತಿಗೆ ಕೆಲವು ತಿಂಗಳು, ವರ್ಷಕ್ಕೆ ಮೂವತ್ತು ದಿನಗಳ ರಜೆ. ಇವೆಲ್ಲವನ್ನೂ ಕಳೆದರೆ ಯಂತ್ರದ ಮುಂದೆ ಅವನು ಕಳೆಯುವ ಕಾಲವು ಮೂರು ವರ್ಷವೂ ಆಗದು. ಕಿವಿಯಿಂದಲೇ ದೋಷವನ್ನು ಗುರುತಿಸುವ ಸಾಮರ್ಥ್ಯವು ಬರುವ ಹೊತ್ತಿಗೆ ಬೀಳ್ಕೊಡುಗೆಯ ದಿನ ಬಂದಿರುತ್ತದೆ. ಬಂದೂಕು ಹಿಡಿದ ಯೋಧನಿಗೆ ತಾರುಣ್ಯವು ಬೇಕು, ಒಪ್ಪಿದೆವು. ಮಿಸ್ತ್ರಿಗೆ ತಾರುಣ್ಯಕ್ಕಿಂತ ಪಳಗಿದ ಕೈ ಬೇಕು. ಎರಡಕ್ಕೂ ಒಂದೇ ಅಳತೆಗೋಲನ್ನು ಹಿಡಿಯುವುದು ಸರಿಯಲ್ಲ. ಐ.ಟಿ.ಐ. ಮುಗಿಸಿದವರಿಗೆ ಪ್ರವೇಶದಲ್ಲಿ ಹೆಚ್ಚು ಅಂಕಗಳನ್ನು ಕೊಡುವ ಕ್ರಮವನ್ನು ೨೦೨೩ರಲ್ಲಿ ಆರಂಭಿಸಿದ್ದು ಒಳ್ಳೆಯದೇ. ಅದರಿಂದ ಕಲಿಕೆಯ ಮೊದಲ ಮೆಟ್ಟಲು ಉಳಿಯಿತು. ಆದರೆ ಮಿಸ್ತ್ರಿಗಳ ವರ್ಗದಲ್ಲಿ ಮುಂದುವರಿಯುವವರ ಪ್ರಮಾಣವನ್ನು ಹೆಚ್ಚಿಸದೆ ಹೋದರೆ ಹತ್ತು ವರ್ಷಗಳ ತರುವಾಯ ಕಲಿಸುವ ಹವಾಲ್ದಾರನನ್ನು ಎಲ್ಲಿಂದ ತರುವುದು?

ದೂರದ ಒಂದು ಯುದ್ಧವು ಇನ್ನೊಂದು ಪಾಠವನ್ನು ಕಲಿಸಿದೆ. ೨೦೨೨ರಲ್ಲಿ ರಷ್ಯವು ಯುಕ್ರೇನದ ಮೇಲೆ ದಾಳಿಯಿಟ್ಟ ಮೇಲೆ ಅಮೇರಿಕವೂ ಯುರೋಪಿನ ದೇಶಗಳೂ ನಾನಾ ಬಗೆಯ ತೋಪುಗಳನ್ನೂ ವಾಹನಗಳನ್ನೂ ಯುಕ್ರೇನಿಗೆ ಕೊಟ್ಟವು. ಅವು ಕೆಟ್ಟಾಗ ರಣರಂಗದ ಮಿಸ್ತ್ರಿಗಳು ಫೋನಿನಲ್ಲಿ ಚಿತ್ರ ತೋರಿಸುತ್ತ, ಪೋಲಂಡದಲ್ಲಿ ಕುಳಿತ ಅಮೇರಿಕದ ತಜ್ಞರಿಂದ ಸಲಹೆ ಪಡೆದು ದುರಸ್ತಿ ಮಾಡಿಕೊಂಡರು. ನಡುವೆ ದುಭಾಷಿಗಳು ಬೇಕಾಯಿತು. ಯಂತ್ರದ ಭಾಗಗಳ ಹೆಸರುಗಳೇ ಎರಡು ಕಡೆಯವರಿಗೆ ಬೇರೆಬೇರೆಯಾದಾಗ ದುಭಾಷಿಯೂ ಯಂತ್ರವನ್ನು ಬಲ್ಲವನಾಗಬೇಕಾಗುತ್ತದೆ.

ಈ ಭಾಷೆಯ ಪ್ರಶ್ನೆಯು ನಮ್ಮಲ್ಲಿಯೂ ಇದೆ. ಬ್ರಿಟಿಷರ ಕಾಲದಲ್ಲಿ ರೋಮನ್ ಲಿಪಿಯಲ್ಲಿ ಬರೆದ ಹಿಂದುಸ್ಥಾನಿಯೇ ಸಿಪಾಯಿಗಳ ಪಾಠದ ಭಾಷೆಯಾಗಿತ್ತು. ಧಾರವಾಡದ ಕಡೆಯ ಹುಡುಗನು ಮೊದಲು ಭಾಷೆಯನ್ನು ಕಲಿತು ಅನಂತರ ಎಂಜಿನನ್ನು ಕಲಿಯಬೇಕಾಗಿತ್ತು. ೨೦೨೫ರಲ್ಲಿ ಸೈನ್ಯದ ಪ್ರವೇಶಪರೀಕ್ಷೆಯನ್ನು ಕನ್ನಡವೂ ಸೇರಿ ೧೩ ಭಾಷೆಗಳಲ್ಲಿ ಬರೆಯಲು ಅವಕಾಶ ದೊರೆತದ್ದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಸೈನ್ಯಕ್ಕೆ ಒಂದು ಸಾಮಾನ್ಯ ಭಾಷೆಯು ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಗುಂಡಿನ ಮಳೆಯಲ್ಲಿ ನಿಘಂಟು ತೆರೆಯಲಾಗದು. ಆದರೆ ಮೊದಲ ವರ್ಷದ ಕೈಪಿಡಿಯನ್ನಾದರೂ ಒಂದು ಪುಟದಲ್ಲಿ ಹಿಂದಿ, ಎದುರಿನ ಪುಟದಲ್ಲಿ ಹುಡುಗನ ನುಡಿ ಇರುವಂತೆ ಅಚ್ಚುಹಾಕಿಸಿದರೆ ಭಾಷೆಯೂ ಕಸುಬೂ ಜೊತೆಯಾಗಿ ಬರುವವು. ಗೇರು, ಕ್ಲಚ್ಚು, ಬೇರಿಂಗು ಎಂಬ ಮಾತುಗಳಿಗೆ ನಮ್ಮ ಪಂಡಿತರು ಸಂಸ್ಕೃತ ಶಬ್ದಗಳನ್ನು ಕಟ್ಟಿಕೊಡುವ ಶ್ರಮವನ್ನು ವಹಿಸುವ ಅವಶ್ಯಕತೆಯಿಲ್ಲ. ಅವು ಎಂದೋ ಕನ್ನಡವಾಗಿವೆ. ‘ಏಕೆ ಹೀಗಾಗುತ್ತದೆ’ ಎಂಬ ವಿವರಣೆಯು ಮಾತ್ರ ತಾಯಿನುಡಿಯಲ್ಲಿ ಬೇಕು.

ಕೊನೆಯದಾಗಿ ನಮ್ಮ ರಾಜ್ಯದ ಕರ್ತವ್ಯವೊಂದಿದೆ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಸೈನ್ಯದ ಲಾರಿಗಳು ಹರಾಜಿಗೆ ಬಂದು ದೇಶದ ನಾನಾ ಭಾಗಗಳಲ್ಲಿ ಬಾಡಿಗೆಯ ಲಾರಿಗಳೂ ಬಸ್ಸುಗಳೂ ಆದವು; ಸೈನ್ಯದಿಂದ ಬಿಡುಗಡೆ ಹೊಂದಿದ ಮಿಸ್ತ್ರಿಗಳಿಗೂ ಹೊರಗೆ ಕೆಲಸ ದೊರೆಯಿತು. ಮೈಸೂರು ಸರಕಾರದ ರಸ್ತೆ ಸಾರಿಗೆಯ ಇಲಾಖೆಯು ೧೯೪೮ರಲ್ಲಿ ೧೨೦ ಬಸ್ಸುಗಳೊಂದಿಗೆ ಆರಂಭವಾದದ್ದು ಅದೇ ಕಾಲದಲ್ಲಿ. ಅದರಿಂದ ಬೆಳೆದ ಸಾರಿಗೆ ಸಂಸ್ಥೆಗಳಿಗೆ ಇಂದು ಕೆಂಗೇರಿ, ಹಾಸನ, ಹುಬ್ಬಳ್ಳಿಗಳಲ್ಲಿ ದೊಡ್ಡ ಕಾರ್ಯಾಗಾರಗಳಿವೆ. ೨೦೨೨ರ ಕೊನೆಗೆ ಸೇರಿದ ಅಗ್ನಿವೀರರ ಮೊದಲ ತಂಡದ ನಾಲ್ಕು ವರ್ಷಗಳು ೨೦೨೬ರ ಕೊನೆಗೆ ತುಂಬುವವು. ಅವರಲ್ಲಿ 'ಕಸುಬು ಬಲ್ಲವ'ರಿಗೆ ಈ ಕಾರ್ಯಾಗಾರಗಳಲ್ಲಿ ಸ್ಥಾನಗಳನ್ನು ಕಾದಿರಿಸುವುದು ಸಂಸ್ಥೆಗಳಿಗೂ ಲಾಭಕರ. ಆದರೆ ಅದಕ್ಕೆ ಸೈನ್ಯವು ಕೊಡುವ ಪತ್ರದಲ್ಲಿ ಆ ಹುಡುಗನು ಯಾವ ಯಾವ ಎಂಜಿನುಗಳನ್ನು ಬಿಚ್ಚಿ ಜೋಡಿಸಿದ್ದಾನೆ, ಯಾವ ದೋಷಗಳನ್ನು ಯಾರ ಸಹಾಯವಿಲ್ಲದೆ ಹುಡುಕಿದ್ದಾನೆ ಎಂಬುದು ವಿವರವಾಗಿ ಬರೆದಿರಬೇಕು. ‘ತೃಪ್ತಿಕರವಾಗಿ ಸೇವೆ ಸಲ್ಲಿಸಿದನು’ ಎಂಬ ಒಂದು ಸಾಲನ್ನು ಓದಿ ಯಾವ ಡಿಪೋದ ಅಧಿಕಾರಿಯೂ ಐವತ್ತು ಜನರು ಕೂಡುವ ಬಸ್ಸಿನ ಬ್ರೇಕನ್ನು ಅವನ ಕೈಗೆ ಒಪ್ಪಿಸಲಾರನು.